ಯಾರ ಅಪ್ಪಣೆಯನ್ನೂ ಕಾಯದ ವಾಹನ: ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಸಮುದಾಯ ಸೈಕ್ಲಿಂಗ್ ಮತ್ತು ಸಮಾನತೆ

ವಿಷಯ ಪ್ರವೇಶ

ಒಂದು ಸಮಾಜದಲ್ಲಿ ಸಮಾನತೆ ಎಷ್ಟರಮಟ್ಟಿಗೆ ನೆಲೆಗೊಂಡಿದೆ ಎಂಬುದನ್ನು ಅಳೆಯಲು ಭೂ ಹಿಡುವಳಿ, ಆದಾಯ, ಸಾಕ್ಷರತೆ, ಆರೋಗ್ಯ ಮುಂತಾದ ಮಾನದಂಡಗಳನ್ನು ವಿದ್ವಾಂಸರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಇವುಗಳ ಸಾಲಿಗೆ ಸೇರಬೇಕಾಗಿದ್ದೂ ಕರ್ನಾಟಕದ ಸಾಮಾಜಿಕ ಚಿಂತನೆಯಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಮಾನದಂಡವೆಂದರೆ ಚಲನೆ, ಅಂದರೆ ಒಬ್ಬ ವ್ಯಕ್ತಿಯು ತನಗೆ ಬೇಕಾದ ವೇಳೆಗೆ, ತನಗೆ ಬೇಕಾದ ಜಾಗಕ್ಕೆ, ಇನ್ನೊಬ್ಬರ ಮರ್ಜಿ ಕಾಯದೆ ಹೋಗಿ ಬರಬಲ್ಲ ಸಾಮರ್ಥ್ಯ. ಶಾಲೆಯೂ ಆಸ್ಪತ್ರೆಯೂ ಸಂತೆಯೂ ಕೂಲಿ ಕೆಲಸವೂ ಎಲ್ಲೋ ಒಂದು ದೂರದಲ್ಲಿ ಇರುವುದರಿಂದ, ಆ ದೂರವನ್ನು ದಾಟುವ ಸಾಧನ ಯಾರ ಕೈಯಲ್ಲಿದೆ, ಯಾರ ಕೈಯಲ್ಲಿಲ್ಲ ಎಂಬುದೇ ಉಳಿದ ಹಕ್ಕುಗಳು ನಿಜವಾಗಿ ಯಾರಿಗೆ ದಕ್ಕುತ್ತವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಈ ಉಪನ್ಯಾಸದಲ್ಲಿ ಸಮುದಾಯ ಸೈಕ್ಲಿಂಗ್ ಎಂದು ಕರೆದಿರುವುದು ಸೈಕಲ್ಲನ್ನು ಒಬ್ಬರ ಸ್ವಂತ ಸೊತ್ತೆಂದಷ್ಟೇ ನೋಡದೆ, ಅದನ್ನು ಒದಗಿಸುವುದು, ಸವಾರಿ ಕಲಿಸುವುದು, ರಿಪೇರಿ ಮಾಡುವುದು, ಓಡಿಸಲು ಭಯವಿಲ್ಲದ ದಾರಿ ಕೊಡುವುದು, ಇಷ್ಟನ್ನೂ ಶಾಲೆ, ಗ್ರಾಮ ಪಂಚಾಯಿತಿ, ಸ್ತ್ರೀಶಕ್ತಿ ಸಂಘಗಳು ಕೂಡಿ ಹೊರುವ ವ್ಯವಸ್ಥೆಯನ್ನು. ಅಮೆರಿಕದಂಥ ದೇಶಗಳಲ್ಲಿ ಈ ವಿಚಾರವು ಜನಾಂಗೀಯ ಸಮತೆಯ ಪ್ರಶ್ನೆಯೊಡನೆ ಹೆಣೆದುಕೊಂಡು ಬೆಳೆದಿದೆ. ಮೈಬಣ್ಣದ ಅಥವಾ ಮೂಲದ ಕಾರಣಕ್ಕೆ ತಲೆಮಾರುಗಳಿಂದ ಹೊರಗಿಡಲ್ಪಟ್ಟವರಿಗೆ, ಆದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಳಿದವರ ಸಮಕ್ಕೆ ಬರಲು ಬೇಕಾದಷ್ಟು ಹೆಚ್ಚಿನ ಬೆಂಬಲ ಕೊಡುವುದೇ ಜನಾಂಗೀಯ ಸಮತೆ. ಅಲ್ಲಿನ ಸೈಕಲ್ ಸವಾರರ ರಾಷ್ಟ್ರೀಯ ಸಂಘವಾದ ಲೀಗ್ ಆಫ್ ಅಮೆರಿಕನ್ ವ್ಹೀಲ್‌ಮೆನ್ 1894ರಲ್ಲಿ ಕಪ್ಪು ಜನರಿಗೆ ಸದಸ್ಯತ್ವದ ಬಾಗಿಲು ಮುಚ್ಚಿತು. ಐದು ವರ್ಷಗಳ ನಂತರ, 1899ರಲ್ಲಿ, ಮಾರ್ಷಲ್ ಟೇಲರ್ ಎಂಬ ಕಪ್ಪು ಸವಾರರು ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆದರೂ ಆ ಸಂಘವು ತನ್ನ ಹಳೆಯ ನಿಷೇಧವನ್ನು ಅಧಿಕೃತವಾಗಿ ರದ್ದುಗೊಳಿಸಿದ್ದು 1999ರಲ್ಲಿ. ಅಲ್ಲಿ ಮೈಬಣ್ಣ ಮಾಡುವ ಕೆಲಸವನ್ನು ರಾಯಚೂರು ಜಿಲ್ಲೆಯ ಸಂದರ್ಭದಲ್ಲಿ ಜಾತಿ ಮಾಡುತ್ತದೆ, ಮತ್ತು ಜಾತಿಯೊಡನೆ ಬಡತನವೂ ಹೆಣ್ಣುತನದ ಮೇಲಿನ ಕಟ್ಟುಪಾಡುಗಳೂ ಸೇರಿಕೊಳ್ಳುತ್ತವೆ.

ಸೀಮೆಯ ಸ್ವರೂಪ

ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಇದ್ದರೂ ಅವುಗಳ ಸುತ್ತಲಿನ ನೆಲ ಒಂದೇ ತೆರನಾದುದಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಕಾಲುವೆಯ ಉದ್ದಕ್ಕೂ ಎದ್ದವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಆರ್.ಎಚ್. ಎಂದು ಕರೆಯುವ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಈ ಬಂಗಾಳಿಗಳಲ್ಲಿ ಅನೇಕರು ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಈ ಸಮುದಾಯಕ್ಕೆ ಕರ್ನಾಟಕದಲ್ಲಿ ಆ ಸ್ಥಾನ ದೊರೆತಿಲ್ಲ. ಲಿಂಗಸುಗೂರಿನ ಕಡೆ ನಡೆದರೆ ಮಳೆಯನ್ನೇ ನಂಬಿದ ಹೊಲಗಳು, ಲಂಬಾಣಿ ತಾಂಡಾಗಳು, ಊರಿನಿಂದ ದೂರ ಹೊಲಗಳ ನಡುವೆ ಹತ್ತಾರು ಮನೆಗಳಾಗಿ ಚದುರಿಕೊಂಡ ದೊಡ್ಡಿಗಳು, ಹಟ್ಟಿಯ ಚಿನ್ನದ ಗಣಿ, ಮತ್ತು ಸುಗ್ಗಿ ಮುಗಿದ ಮೇಲೆ ಬೆಂಗಳೂರಿನತ್ತ ಗುಳೆ ಹೋಗುವ ಕುಟುಂಬಗಳು ಕಾಣಸಿಗುತ್ತವೆ. ಈ ಎರಡು ಲೋಕಗಳ ನಡುವೆ, ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಊರುಗಳನ್ನು ಸೇರಿಸಿ ರಚಿಸಿದ ಮಸ್ಕಿ ತಾಲ್ಲೂಕು ಇದೆ.

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಹೆಣ್ಣುಮಕ್ಕಳಲ್ಲಿ ಅದು ಶೇ. 48.73 ಮಾತ್ರ, ರಾಜ್ಯದ ಹೆಣ್ಣುಮಕ್ಕಳ ಸಾಕ್ಷರತೆಯಾದರೋ ಶೇ. 68ರಷ್ಟಿತ್ತು. ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಪರಿಶಿಷ್ಟ ಜಾತಿಯವರು, ಹೆಚ್ಚುಕಡಿಮೆ ಅಷ್ಟೇ ಪಾಲು ಪರಿಶಿಷ್ಟ ಪಂಗಡದವರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಈ ಪ್ರದೇಶಕ್ಕೆ 2013ರಲ್ಲಿ ಜಾರಿಗೆ ಬಂತು. 2018ರಲ್ಲಿ ನೀತಿ ಆಯೋಗವು ಆಕಾಂಕ್ಷಿ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಎರಡರಲ್ಲಿ ರಾಯಚೂರು ಒಂದು, ಯಾದಗಿರಿ ಇನ್ನೊಂದು.

ಈ ಅಂಕಿಗಳು ತಮ್ಮ ಹಿಂದೆ ಇರುವ ದೂರವನ್ನು ನೇರವಾಗಿ ಅಳೆಯುವುದಿಲ್ಲ. ಏಳನೆಯ ತರಗತಿಯವರೆಗಿನ ಹಿರಿಯ ಪ್ರಾಥಮಿಕ ಶಾಲೆ ಊರಿನಲ್ಲೋ ಪಕ್ಕದ ಊರಿನಲ್ಲೋ ಇರುತ್ತದೆ. ಎಂಟನೆಯ ತರಗತಿಯಿಂದ ಆರಂಭವಾಗುವ ಪ್ರೌಢಶಾಲೆಯು ಹೋಬಳಿ ಮಟ್ಟದ ದೊಡ್ಡ ಊರಿನಲ್ಲಿರುತ್ತದೆ. ಐದು ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ದಾಟಲು ಒಂದು ತಾಸಿಗೂ ಹೆಚ್ಚು ಬೇಕು, ಸೈಕಲ್ಲಿಗೆ ಅರ್ಧ ತಾಸು ಸಾಕು. ಹೋಗಿ ಬರುವುದರಲ್ಲಿ ಉಳಿಯುವ ಒಂದು ತಾಸಿಗೂ ಹೆಚ್ಚಿನ ಹೊತ್ತು, ನೀರು ತರುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸವೂ ತಲೆಯ ಮೇಲಿರುವ ಹುಡುಗಿಯ ಪಾಲಿಗೆ, ಓದು ಮುಂದುವರಿಯುವುದಕ್ಕೂ ನಿಲ್ಲುವುದಕ್ಕೂ ನಡುವಿನ ಅಂತರವಾಗುತ್ತದೆ.

ವಾಹನ ಮತ್ತು ಜಾತಿ

ವಾಹನವನ್ನು ನಿರಾಕರಿಸುವುದು ಅಸ್ಪೃಶ್ಯತೆಯ ಹಳೆಯ ಆಯುಧಗಳಲ್ಲಿ ಒಂದು. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನಾತ್ಮಕ ಬರಹದಲ್ಲಿ ಇಂಥ ಎರಡು ಘಟನೆಗಳನ್ನು ದಾಖಲಿಸಿದ್ದಾರೆ. 1901ರಲ್ಲಿ, ಬಾಲಕರಾಗಿದ್ದಾಗ, ಅಣ್ಣನೂ ಅಕ್ಕನ ಮಕ್ಕಳೂ ಜೊತೆಗಿದ್ದ ಪ್ರಯಾಣದಲ್ಲಿ ಮಸೂರು ರೈಲು ನಿಲ್ದಾಣದ ಬಂಡಿಯವರು ಅವರ ಜಾತಿ ತಿಳಿದೊಡನೆ ಬಂಡಿ ಹತ್ತಿಸಲು ಒಪ್ಪಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು, ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ಬಂಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಿನ ಮೇಲೆ ಪ್ರಯಾಣ ಸಾಗಿತು. 1929ರಲ್ಲಿ, ಬ್ಯಾರಿಸ್ಟರ್ ಆಗಿ ಹೆಸರು ಮಾಡಿದ ಮೇಲೂ, ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೋಗಲು ನಿರಾಕರಿಸಿದರು. ಅಭ್ಯಾಸವಿಲ್ಲದವರು ಟಾಂಗಾ ಹೊಡೆಯಬೇಕಾಗಿ ಬಂದು ಅಪಘಾತವಾಯಿತು, ಅಂಬೇಡ್ಕರ್ ಅವರ ಕಾಲಿನ ಮೂಳೆ ಮುರಿಯಿತು. ಹಣವಿದ್ದರೂ ವಿದ್ಯೆಯಿದ್ದರೂ, ಓಡಿಸುವವನ ಒಪ್ಪಿಗೆಯಿಲ್ಲದೆ ವಾಹನ ಕದಲದು ಎಂಬ ಸತ್ಯವನ್ನು ಈ ಎರಡೂ ಘಟನೆಗಳು ತೋರಿಸುತ್ತವೆ. ಸೈಕಲ್ಲಿನಲ್ಲಿ ಸವಾರನೇ ಚಾಲಕ, ಸವಾರನ ಕಾಲೇ ಇಂಧನ. ಅದಕ್ಕೆ ಬಾಡಿಗೆಯೂ ಬೇಡ, ವೇಳಾಪಟ್ಟಿಯೂ ಬೇಡ, ಇನ್ನೊಬ್ಬರ ಅಪ್ಪಣೆಯೂ ಬೇಡ.

ಆ ಕಾರಣಕ್ಕಾಗಿಯೇ ಸೈಕಲ್ ಜಾತಿ ವ್ಯವಸ್ಥೆಯ ಕಣ್ಣಿಗೆ ಬಿತ್ತು. ಮೇಲ್ಜಾತಿಯ ಓಣಿಗಳಲ್ಲಿ ದಲಿತರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕೆಂಬ ಕಟ್ಟಳೆ ದೇಶದ ಹಲವು ಭಾಗಗಳಲ್ಲಿ ರೂಢಿಯಲ್ಲಿತ್ತು. ಸಂವಿಧಾನದ 15(2)ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿ, ಸಾರ್ವಜನಿಕ ರಸ್ತೆಯ ಬಳಕೆಯಲ್ಲಿ ಜಾತಿಯ ಆಧಾರದ ನಿರ್ಬಂಧ ಸಲ್ಲದೆಂದು ಸಾರಿತು. ಆದರೂ ಓಣಿಯ ಕಟ್ಟಳೆ ಅಳಿಯಲಿಲ್ಲ. ಕೊನೆಗೆ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು, ಸಾರ್ವಜನಿಕ ಸ್ಥಳದಲ್ಲಿ ಈ ಸಮುದಾಯಗಳವರು ಸೈಕಲ್ ಅಥವಾ ಮೋಟಾರು ಸೈಕಲ್ ಹತ್ತುವುದನ್ನು, ಓಡಿಸುವುದನ್ನು, ಪಾದರಕ್ಷೆ ಅಥವಾ ಹೊಸ ಬಟ್ಟೆ ಧರಿಸುವುದನ್ನು ತಡೆಯುವುದು ದೌರ್ಜನ್ಯದ ಅಪರಾಧವೆಂದು ಸ್ಪಷ್ಟವಾಗಿ ಸೇರಿಸಲಾಯಿತು. ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದಿತು. ಸಂಸತ್ತು ಸೈಕಲ್ ಸವಾರಿಯನ್ನು ಹೆಸರಿಟ್ಟು ರಕ್ಷಿಸಬೇಕಾಗಿ ಬಂದದ್ದೇ ಈ ದೇಶದಲ್ಲಿ ಸೈಕಲ್ಲಿಗೂ ಘನತೆಗೂ ಇರುವ ನಂಟಿನ ದೊಡ್ಡ ಪುರಾವೆ.

ಮಸ್ಕಿಯ ನೆಲದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಗುರುತಿಸಿದ ಬಂಡೆ ಶಾಸನವು ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಕೊಟ್ಟು, ಆ ಬಿರುದಿನ ದೊರೆ ಯಾರೆಂಬ ಇತಿಹಾಸಕಾರರ ಬಹುದಿನದ ಸಂದೇಹವನ್ನು ಬಗೆಹರಿಸಿತೆಂಬುದು ಶಾಲಾ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದೇ ಶಾಸನವು ಧರ್ಮದ ಗುರಿ ದೊಡ್ಡವರಿಗೆ ಮಾತ್ರ ಎಟುಕುವುದೆಂದು ತಿಳಿಯಬಾರದು, ಸಾಮಾನ್ಯನಿಗೂ ಅದು ಸಾಧ್ಯ ಎಂದು ಸಾರುತ್ತದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಾಮಾನ್ಯನೂ ತಲುಪಬಲ್ಲನೆಂಬ ಆ ಘೋಷಣೆ ಕೆತ್ತಿದ ಊರಿನ ಸುತ್ತಮುತ್ತ, ಸಾಮಾನ್ಯನ ಮಗಳು ಪ್ರೌಢಶಾಲೆಯನ್ನು ತಲುಪುವ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಎಂಟನೆಯ ತರಗತಿಯ ಸೈಕಲ್

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಗೆ ಸೇರಿದ ಬಡತನ ರೇಖೆಯ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಆರಂಭಿಸಿತು. ಮುಂದಿನ ವರ್ಷ ಯೋಜನೆಯನ್ನು ಗಂಡುಮಕ್ಕಳಿಗೂ ವಿಸ್ತರಿಸಲಾಯಿತು. ಹಾಸ್ಟೆಲ್ಲಿನಲ್ಲಿ ಇರುವವರನ್ನೂ ಬಸ್ ಪಾಸ್ ಪಡೆದವರನ್ನೂ ಹೊರಗಿಡಲಾಯಿತು. ಏಳನೆಯ ತರಗತಿಯ ನಂತರ ಶಾಲೆ ದೂರವಾಗುವ ಘಟ್ಟವನ್ನೇ ಹಿಡಿದು ಸೈಕಲ್ ಕೊಟ್ಟದ್ದು ಈ ಯೋಜನೆಯ ವಿವೇಕ. ಸಿಂಧನೂರಿನ ಕಾಲುವೆ ದಂಡೆಗಳ ಮೇಲೂ ಲಿಂಗಸುಗೂರಿನ ತಾಂಡಾಗಳ ದಾರಿಗಳಲ್ಲೂ ಸಮವಸ್ತ್ರ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುವ ನೋಟ ಆ ವರ್ಷಗಳಲ್ಲಿ ಊರಿನ ಕಣ್ಣಿಗೆ ರೂಢಿಯಾಯಿತು. ದಲಿತ ಕೇರಿಯ ಹುಡುಗಿಗೂ ಗೌಡರ ಓಣಿಯ ಹುಡುಗಿಗೂ ಒಂದೇ ಬಗೆಯ ಸೈಕಲ್ ಸಿಕ್ಕಾಗ, ಕೂಡಿ ಹೋಗುವ ದಾರಿ ಶಾಲೆಯ ಹೊರಗಿನ ಒಂದು ಸಮಾನ ಜಾಗವಾಗುವ ಅವಕಾಶ ತೆರೆಯಿತು. 2020–21ರಿಂದ, ಕೋವಿಡ್ ಸೋಂಕಿನ ಕಾಲದಲ್ಲಿ, ಈ ವಿತರಣೆ ನಿಂತಿತು.

ಇಂಥ ಯೋಜನೆಯ ಫಲವನ್ನು ಅಳೆದ ಅಧ್ಯಯನಗಳು ಬೇರೆಡೆ ನಡೆದಿವೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ತಂದಾಗ, ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೂ ನೆರೆಯ ಜಾರ್ಖಂಡಿನ ಮಕ್ಕಳೊಂದಿಗೂ ಹೋಲಿಸಿ ನೋಡಿದರು. ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದೂ, ಗಂಡು ಹೆಣ್ಣಿನ ನಡುವಿನ ದಾಖಲಾತಿಯ ಅಂತರ ಶೇ. 40ರಷ್ಟು ಇಳಿಯಿತೆಂದೂ ಅವರು 2017ರಲ್ಲಿ ಪ್ರಕಟಿಸಿದ ಪ್ರಬಂಧ ತಿಳಿಸುತ್ತದೆ. ಪ್ರೌಢಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಈ ಏರಿಕೆ ಹೆಚ್ಚಾಗಿ ಕಂಡಿತೆಂಬುದು ದೊಡ್ಡಿ ಮತ್ತು ತಾಂಡಾಗಳ ಸೀಮೆಗೆ ನೇರವಾಗಿ ಸಂಬಂಧಿಸಿದ ಮಾತು. ಆಫ್ರಿಕದ ಜಾಂಬಿಯಾದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಸೈಕಲ್ ಪಡೆದ ಗ್ರಾಮೀಣ ಹುಡುಗಿಯರ ಶಾಲೆಯ ದಾರಿಯ ಸಮಯ ಶೇ. 35ರಷ್ಟೂ ಗೈರುಹಾಜರಿ ಶೇ. 27ರಷ್ಟೂ ಕಡಿಮೆಯಾದವು. ಜಾಂಬಿಯಾದಲ್ಲಿ ಸೈಕಲ್ ಹಂಚಿ ಕೈತೊಳೆದುಕೊಳ್ಳಲಿಲ್ಲ. ಪಾಲಕರು, ಶಿಕ್ಷಕರು, ಊರ ಮುಖಂಡರು ಸೇರಿದ ಉಸ್ತುವಾರಿ ಸಮಿತಿಗಳು ರಚನೆಯಾದವು, ತರಬೇತಿ ಪಡೆದ ಮೆಕ್ಯಾನಿಕ್‌ಗಳೂ ಬಿಡಿಭಾಗಗಳೂ ಊರಿನ ಹತ್ತಿರವೇ ಸಿಗುವಂತೆ ಏರ್ಪಾಡಾಯಿತು.

ಪುದುಕೋಟೆಯ ಪಾಠ

ಸಮುದಾಯವೇ ಸೈಕಲ್ಲನ್ನು ಕೈಗೆತ್ತಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಉಜ್ವಲವಾದ ನಿದರ್ಶನವಿದೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರಿಂದ ನಡೆದ ಅರಿವೊಳಿ ಸಾಕ್ಷರತಾ ಆಂದೋಲನದಲ್ಲಿ, ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಮುಂದಾಳುತನದಲ್ಲಿ, ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಹೆಂಗಸರಿಗೆ ಕಲಿಸಲಾಯಿತು. ಕೃಷಿ ಕೂಲಿಕಾರರು, ಕಲ್ಲು ಕ್ವಾರಿಯ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಹಳ್ಳಿ ಹಳ್ಳಿಗಳ ಶಿಬಿರಗಳಲ್ಲಿ ಕಲಿತರು. ಲೇಡೀಸ್ ಸೈಕಲ್ ಸಾಲದಿದ್ದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ದೊರಕಿಸಲಾಯಿತು. ಪತ್ರಕರ್ತ ಪಿ. ಸಾಯಿನಾಥ್ ಈ ಆಂದೋಲನವನ್ನು ವಿವರವಾಗಿ ವರದಿ ಮಾಡಿ, ಒಂದು ಲಕ್ಷಕ್ಕೂ ಮಿಕ್ಕಿದ ಗ್ರಾಮೀಣ ಮಹಿಳೆಯರು ಸೈಕಲ್ ಹಿಡಿದದ್ದನ್ನು ದಾಖಲಿಸಿದ್ದಾರೆ. ಸೊಪ್ಪು, ತರಕಾರಿ ಮಾರುವವರು ಬಸ್ಸಿಗೆ ಕಾಯುವ ಹೊತ್ತನ್ನು ಉಳಿಸಿ ಹೆಚ್ಚು ಊರುಗಳನ್ನು ಸುತ್ತಿದ್ದು, ಅಪ್ಪ, ಅಣ್ಣ, ಗಂಡ, ಮಗನ ಬಿಡುವಿಗೆ ಕಾಯದೆ ಹೊರಗೆ ಹೊರಟದ್ದು ಈ ಆಂದೋಲನದ ಆರ್ಥಿಕ ಮತ್ತು ಸಾಮಾಜಿಕ ಗಳಿಕೆ.

ರಾಯಚೂರು ಜಿಲ್ಲೆಯ ಕೂಲಿ ಹೆಂಗಸರ ಸ್ಥಿತಿಗೆ ಈ ಪಾಠ ಚೆನ್ನಾಗಿ ಒಗ್ಗುತ್ತದೆ. ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ಅವರು ಟಂಟಂಗಳಲ್ಲೂ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲೂ ಕಿಕ್ಕಿರಿದು ಹೋಗುತ್ತಾರೆ. ಗಾಡಿ ಯಾವ ಹೊಲಕ್ಕೆ ಹೋಗುವುದೋ ಅಲ್ಲಿಯ ಕೂಲಿಯನ್ನೇ ಒಪ್ಪಬೇಕು, ಗಾಡಿ ಬರುವವರೆಗೆ ಮನೆಗೆ ಮರಳುವಂತಿಲ್ಲ. ಐದಾರು ಕಿಲೋಮೀಟರ್ ದೂರವನ್ನು ತಾವೇ ದಾಟಬಲ್ಲವರಿಗೆ ಎರಡು ಊರಿನ ಕೂಲಿಯನ್ನು ಹೋಲಿಸಿ ಆರಿಸಿಕೊಳ್ಳುವ ಚೌಕಾಸಿಯ ಬಲ ಬರುತ್ತದೆ. ದೂರಕ್ಕೂ ಕೂಲಿಗೂ ಇರುವ ಈ ನಂಟನ್ನು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಒಪ್ಪಿಕೊಂಡಿತ್ತು; ಕೆಲಸ ಊರಿನಿಂದ ಐದು ಕಿಲೋಮೀಟರ್ ಒಳಗೆ ಸಿಗಬೇಕು, ಅದಕ್ಕೂ ದೂರವಾದರೆ ಕೂಲಿಯ ಮೇಲೆ ಶೇ. 10ರಷ್ಟು ಹೆಚ್ಚು ಕೊಡಬೇಕು ಎಂದು ಅದು ವಿಧಿಸಿತ್ತು. ಜನಗಣತಿ ಮಾತ್ರ ಈ ಹೆಂಗಸರ ಪ್ರಯಾಣವನ್ನು ಎಣಿಸಿಲ್ಲ. 2011ರಲ್ಲಿ ಕೆಲಸಕ್ಕೆ ಹೋಗುವ ದೂರ ಮತ್ತು ವಾಹನದ ಕೋಷ್ಟಕವನ್ನು ‘ಇತರ ಕೆಲಸಗಾರರು’ ಎಂಬ ವರ್ಗಕ್ಕೆ ಮಾತ್ರ ಸಿದ್ಧಪಡಿಸಲಾಯಿತು. ರೈತರು, ಕೃಷಿ ಕೂಲಿಕಾರರು, ಮನೆ ಕೈಗಾರಿಕೆಯವರು ಆ ವರ್ಗದ ಹೊರಗಿದ್ದಾರೆ. ಹಟ್ಟಿ ಗಣಿಯ ಕಾರ್ಮಿಕನ ದಾರಿ ಲೆಕ್ಕಕ್ಕೆ ಬಂತು, ಹತ್ತಿ ಬಿಡಿಸುವ ಹೆಂಗಸಿನ ದಾರಿ ಬರಲಿಲ್ಲ.

ಸೈಕಲ್ ನಿಲ್ಲುವುದೆಲ್ಲಿ

ಸೈಕಲ್ ಕೊಟ್ಟೊಡನೆ ಚಲನೆ ಸಿದ್ಧಿಸುವುದಿಲ್ಲ ಎಂಬುದನ್ನು ತಿಳಿಯಲು ಈ ಸೀಮೆಯ ನೆಲವನ್ನೇ ಹತ್ತಿರದಿಂದ ನೋಡಬೇಕು. ಮಳೆ ಬಿದ್ದ ದಿನ ಎರೆಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನ ಒಳಗೆ ಪದರ ಪದರವಾಗಿ ತುಂಬಿಕೊಂಡು, ಚಕ್ರ ತಿರುಗದಂತೆ ಹಿಡಿದುಬಿಡುತ್ತದೆ. ಸವಾರರು ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ಹತ್ತು ಮಾರು ಹೋಗಿ ಮತ್ತೆ ಕೆರೆಯಬೇಕು, ಇಲ್ಲವೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಬೇಸಿಗೆಯಲ್ಲಿ ಕಾಲುವೆ ದಂಡೆಯ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ದಾಟಿ ಟ್ಯೂಬಿಗೆ ಚುಚ್ಚುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಜಾಗವನ್ನು ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಕೂರಿಸುವುದು ಸಣ್ಣ ಕೆಲಸವೇ. ಆದರೆ ಆ ಅಂಗಡಿ ಇರುವುದು ಹೆದ್ದಾರಿಯ ಪಟ್ಟಣದಲ್ಲಿ. ತಾಂಡಾದಲ್ಲಿ ಪಂಕ್ಚರ್ ಆದ ಸೈಕಲ್ಲನ್ನು ಅಲ್ಲಿಯವರೆಗೆ ತಳ್ಳಿಕೊಂಡು ಹೋಗುವವರಿಲ್ಲದೆ, ರಿಪೇರಿಯ ದುಡ್ಡು ಮನೆಯಲ್ಲಿಲ್ಲದೆ, ಗೋಡೆಗೆ ಒರಗಿದ ಸೈಕಲ್ ಅಲ್ಲೇ ಉಳಿಯುತ್ತದೆ, ಅದನ್ನು ನಂಬಿದ ಓದೂ ಅಲ್ಲಿಗೆ ನಿಲ್ಲುವ ಅಪಾಯವಿರುತ್ತದೆ.

ಸೈಕಲ್ಲಿನ ಕಾಲ ಮುಗಿಯಿತು, ಮೋಟಾರು ಸೈಕಲ್ಲೂ ಉಚಿತ ಬಸ್ಸೂ ಬಂದಿವೆ ಎಂಬ ವಾದವನ್ನೂ ಇಲ್ಲಿ ಪರಿಶೀಲಿಸಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಂಗಸರ ದೂರ ಪ್ರಯಾಣಕ್ಕೆ ದೊಡ್ಡ ಉಪಕಾರ ಮಾಡಿದೆ. ಆದರೆ ಬಸ್ಸು ಬಾರದ ದೊಡ್ಡಿಗೆ ಉಚಿತ ಟಿಕೆಟ್ ತಲುಪುವುದಿಲ್ಲ. ದಿನಕ್ಕೆ ಎರಡು ಸಲ ಬರುವ ಬಸ್ಸು ಶಾಲೆಯ ಗಂಟೆಗೂ ಹೊಲದ ಕೆಲಸಕ್ಕೂ ಹೊಂದುವುದಿಲ್ಲ. ಮನೆಯ ಮೋಟಾರು ಸೈಕಲ್ಲಿನ ಕೀಲಿಯೋ ಬಹುತೇಕ ಗಂಡಸರ ಜೇಬಿನಲ್ಲಿರುತ್ತದೆ. ಸೈಕಲ್ಲಿಗೆ ಅದರದೇ ಮಿತಿಗಳಿವೆ. ಮೂವತ್ತು ಕಿಲೋಮೀಟರ್ ದೂರದ ಕಾಲೇಜಿಗೆ ಅದು ಉತ್ತರವಲ್ಲ, 40 ಡಿಗ್ರಿ ದಾಟುವ ಬೇಸಿಗೆಯ ಮಧ್ಯಾಹ್ನದಲ್ಲಿ ಅದು ಸುಖದ ಸವಾರಿಯಲ್ಲ, ಭತ್ತದ ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿನಲ್ಲಿ ಅದು ಸುರಕ್ಷಿತವೂ ಅಲ್ಲ. ಮನೆಯಿಂದ ಶಾಲೆಗೆ, ಮನೆಯಿಂದ ಬಸ್ ನಿಲ್ದಾಣಕ್ಕೆ, ಮನೆಯಿಂದ ಹೊಲಕ್ಕೆ ಇರುವ ಎಂಟು ಕಿಲೋಮೀಟರ್ ಒಳಗಿನ ದೂರ ಸೈಕಲ್ಲಿನ ಕ್ಷೇತ್ರ, ಮತ್ತು ಬಡವರ ದಿನದ ಹೆಚ್ಚಿನ ಓಡಾಟ ನಡೆಯುವುದು ಈ ದೂರದೊಳಗೇ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಯೋಜನೆ ಸಾರ್ವಜನಿಕ ಹಣದಿಂದ ನೂರಾರು ಸೈಕಲ್ಲುಗಳನ್ನೂ ಅವುಗಳ ನಿರ್ವಹಣೆಯನ್ನೂ ಒದಗಿಸಿತು. ನಗರಕ್ಕೆ ಸಲ್ಲುವ ನಿರ್ವಹಣೆ ಹಳ್ಳಿಗೆ ಸಲ್ಲಬಾರದೆಂಬ ನಿಯಮವೇನೂ ಇಲ್ಲ.

ಆಗಬೇಕಾದದ್ದು

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ಹೊರಡುತ್ತವೆ. ಎಂಟನೆಯ ತರಗತಿಯ ಸೈಕಲ್ ವಿತರಣೆಯನ್ನು ಮತ್ತೆ ಆರಂಭಿಸಬೇಕು. ಇಡೀ ರಾಜ್ಯಕ್ಕೆ ಒಮ್ಮೆಲೇ ಸಾಧ್ಯವಾಗದಿದ್ದರೆ 371ಜೆ ವಿಧಿಯ ವ್ಯಾಪ್ತಿಯ ಜಿಲ್ಲೆಗಳಿಂದ, ಅಲ್ಲಿಯೂ ಪ್ರೌಢಶಾಲೆ ಮೂರು ಕಿಲೋಮೀಟರಿಗಿಂತ ದೂರವಿರುವ ಊರು, ತಾಂಡಾ, ದೊಡ್ಡಿ, ಕ್ಯಾಂಪುಗಳಿಂದ ಆರಂಭಿಸಬೇಕು. ಪ್ರತಿ ಪ್ರೌಢಶಾಲೆಯಲ್ಲಿ ಗಾಳಿ ಪಂಪು, ಸ್ಪ್ಯಾನರ್ ಸೆಟ್ಟು, ಟ್ಯೂಬು, ಪ್ಯಾಚು ಇರುವ ಒಂದು ರಿಪೇರಿ ಮೂಲೆ ಇರಬೇಕು. ಶಾಲಾಭಿವೃದ್ಧಿ ಸಮಿತಿಯು ಅದನ್ನು ನೋಡಿಕೊಳ್ಳಬೇಕು, ಊರಿನ ಯುವಕ ಯುವತಿಯರಿಗೆ ಮೆಕ್ಯಾನಿಕ್ ತರಬೇತಿ ಕೊಟ್ಟು ಅದನ್ನು ಜೀವನೋಪಾಯವಾಗಿಸಬೇಕು. ಕೂಲಿಗೆ ಹೋಗುವ ಹೆಂಗಸರಿಗೆ ಸ್ತ್ರೀಶಕ್ತಿ ಸಂಘಗಳ ಮೂಲಕ ಸವಾರಿಯ ಶಿಬಿರ ಮತ್ತು ಸಣ್ಣ ಸಾಲ ಸಿಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಈ ಕೆಲಸಕ್ಕೆ ಅನುಕೂಲ. ಕಾಲುವೆಯ ಸೇವಾ ರಸ್ತೆಗಳಿಗೆ ಗರಸು ಹಾಕಿ, ಜಾಲಿ ಕಡಿದು, ಹೆದ್ದಾರಿಗೆ ಇಳಿಯದೆ ಊರಿಂದೂರಿಗೆ ಹೋಗುವ ಸೈಕಲ್ ದಾರಿಗಳಾಗಿ ಮಾಡಬೇಕು. ಸೈಕಲ್ ಸವಾರಿಯನ್ನು ಜಾತಿಯ ಕಾರಣಕ್ಕೆ ತಡೆಯುವುದು ಅಪರಾಧವೆಂಬ ಕಾನೂನಿನ ಮಾತು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡಬೇಕು. ಮುಂದಿನ ಜನಗಣತಿ ಕೃಷಿ ಕೂಲಿಕಾರರ ಪ್ರಯಾಣವನ್ನೂ ಎಣಿಸಬೇಕು.

ಇದಕ್ಕೆ ಬೇಕಾದ ಹಣ ಹೊಸದಾಗಿ ಹುಟ್ಟಬೇಕಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನವೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳಿಗಾಗಿ 2013ರ ಕಾಯ್ದೆ ಕಡ್ಡಾಯಗೊಳಿಸಿದ ಹಣವೂ ಇರುವುದು ಇಂಥ ಕೆಲಸಕ್ಕಾಗಿಯೇ.  ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗ್ರಾಮ ಪಂಚಾಯಿತಿಗಳು ಸರ್ಕಾರದ ಆದೇಶಕ್ಕೆ ಕಾಯದೆ, ತಮ್ಮ ವ್ಯಾಪ್ತಿಯಲ್ಲಿ ಎಂಟನೆಯ ತರಗತಿಗೆ ಹೋಗಬೇಕಾದ ಪ್ರತಿ ಹುಡುಗಿಯ ಮನೆಯಿಂದ ಶಾಲೆಗೆ ಎಷ್ಟು ದೂರ, ಆ ದೂರವನ್ನು ಆಕೆ ಹೇಗೆ ದಾಟುತ್ತಾಳೆ ಎಂಬುದನ್ನು ಈ ವರ್ಷವೇ ಮನೆ ಮನೆಗೆ ಹೋಗಿ ಬರೆದಿಡಲಿ. ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆ ಪಟ್ಟಿಯೇ ತೋರಿಸುತ್ತದೆ.